ಮೋಡದ ಮೇಲೆ ಮನೆ ಕಟ್ಟುವ ಮೊದಲು

ಬಿಸಿಎ ಅಥವಾ ಬಿಇ ಕೊನೆಯ ವರ್ಷದಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಪ್ರಾಜೆಕ್ಟ್‌ಗೆ ಯಾವ ಫ್ರೇಮ್‌ವರ್ಕ್ ಹಿಡಿಯಬೇಕು? ಒಂದು ತರಬೇತಿ ಕೇಂದ್ರದವರು ಜ್ಯಾಂಗೋ ಕಲಿಯಿರಿ ಎನ್ನುತ್ತಾರೆ. ಪಕ್ಕದ ಬೀದಿಯ ಕೇಂದ್ರದವರು ರಿಯಾಕ್ಟ್ ಎನ್ನುತ್ತಾರೆ. ಸ್ಪ್ರಿಂಗ್ ಬಾರದವರಿಗೆ ಕೆಲಸವೇ ಸಿಗದು ಎನ್ನುವವರೂ ಉಂಟು. ಮೂವರೂ ಮಾತಿನ ಕೊನೆಗೆ 'ಕ್ಲೌಡ್' ಎಂಬ ಪದವೊಂದನ್ನು ಸೇರಿಸುತ್ತಾರೆ. ಶುಲ್ಕ ಕಟ್ಟಬೇಕಾದ ತಂದೆತಾಯಿಗಳಿಗೆ ಈ ಹೆಸರುಗಳೆಲ್ಲ ಒಂದೇ ಥರ ಕೇಳಿಸುತ್ತವೆ. ಮಕ್ಕಳಿಗೂ ಎಲ್ಲ ಸ್ಪಷ್ಟವಾಗಿದೆ ಎಂದೇನಲ್ಲ. ಗೆಳೆಯ ಯಾವುದಕ್ಕೆ ಸೇರಿದನೋ ಅದಕ್ಕೇ ತಾವೂ ಸೇರುತ್ತಾರೆ.

ಆರು ತಿಂಗಳ ಶ್ರಮ ಮತ್ತು ಮನೆಯವರ ದುಡ್ಡು ಈ ಆಯ್ಕೆಯ ಮೇಲೆ ನಿಂತಿರುವುದರಿಂದ ವಿಷಯವನ್ನು ಬುಡದಿಂದ ನೋಡೋಣ. ಕಂಪ್ಯೂಟರ್ ವಿಜ್ಞಾನದ ಪದವಿ ಇದಕ್ಕೆ ಬೇಡ. ಹೈಸ್ಕೂಲಿನ ಗಣಿತ ಸಾಕು.

ಚೌಕಟ್ಟು ಎಂದರೇನು?

ಯಾವುದೇ ಜಾಲತಾಣವನ್ನು ತೆಗೆದುಕೊಳ್ಳಿ. ರೈಲ್ವೆ ಟಿಕೆಟ್ಟಿನದಾಗಲಿ, ಶಾಲೆಯ ಗ್ರಂಥಾಲಯದ್ದಾಗಲಿ, ಅದು ಮಾಡಬೇಕಾದ ಮೂಲ ಕೆಲಸಗಳು ಹೆಚ್ಚು ಕಡಿಮೆ ಒಂದೇ. ಬಂದವರು ಯಾವ ಪುಟ ಕೇಳಿದರೆಂದು ಗುರುತಿಸಬೇಕು. ಹೆಸರು, ಪಾಸ್‌ವರ್ಡ್ ಸರಿಯಿದೆಯೇ ಎಂದು ನೋಡಬೇಕು. ಡೇಟಾಬೇಸಿನಿಂದ ಮಾಹಿತಿ ತೆಗೆಯಬೇಕು, ಹೊಸದನ್ನು ಅಲ್ಲಿಡಬೇಕು. ಅರ್ಜಿಯ ಖಾನೆಯಲ್ಲಿ ಹೆಸರಿನ ಬದಲು ಯಾರಾದರೂ ಕಿಡಿಗೇಡಿ ಆಜ್ಞೆಗಳನ್ನು ತುರುಕಿದರೆ ತಡೆಯಬೇಕು. ಕೊನೆಗೆ ಎಲ್ಲವನ್ನೂ ಜೋಡಿಸಿ ಪುಟವನ್ನು ಕಳಿಸಬೇಕು.

ಪ್ರತಿಯೊಬ್ಬರೂ ಇದನ್ನೆಲ್ಲ ಮೊದಲಿನಿಂದ ಬರೆಯುತ್ತ ಕೂತರೆ ಆಯುಷ್ಯ ಸಾಲದು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗೆ ಗಾಜು ಕರಗಿಸಿ ಬ್ಯುರೆಟ್ ಮಾಡು ಎನ್ನುವುದಿಲ್ಲ. ಸ್ಟ್ಯಾಂಡು, ಕ್ಲಾಂಪು, ಬ್ಯುರೆಟ್ಟು ಸಿದ್ಧವಾಗಿರುತ್ತವೆ. ಆತ ದ್ರಾವಣ ಹಾಕಿ ಅಳತೆ ತೆಗೆಯಬೇಕು, ಅಷ್ಟೆ. ಹಾಗೆ ಸಿದ್ಧವಾಗಿ ಸಿಗುವ ತಂತ್ರಾಂಶದ ಚೌಕಟ್ಟೇ ಫ್ರೇಮ್‌ವರ್ಕ್.

ಲೈಬ್ರರಿ ಎಂಬ ಇನ್ನೊಂದು ಪದ ಇದರ ಜೊತೆಗೇ ಕೇಳಿಬರುತ್ತದೆ. ಎರಡಕ್ಕೂ ವ್ಯತ್ಯಾಸವಿದೆ. ಗ್ರಂಥಾಲಯಕ್ಕೆ ಬೇಕಾದಾಗ ನೀವು ಹೋಗುತ್ತೀರಿ, ಬೇಕಾದ ಪುಸ್ತಕ ತರುತ್ತೀರಿ. ಶಾಲೆಯ ವೇಳಾಪಟ್ಟಿ ಹಾಗಲ್ಲ. ಗಂಟೆ ಹೊಡೆದಾಗ ಅದು ನಿಮ್ಮನ್ನು ಕರೆಯುತ್ತದೆ. ಫ್ರೇಮ್‌ವರ್ಕ್ ವೇಳಾಪಟ್ಟಿಯ ಜಾತಿಗೆ ಸೇರಿದ್ದು. ನೀವು ಬರೆದ ತುಣುಕುಗಳನ್ನು ಯಾವಾಗ ಓಡಿಸಬೇಕೆಂದು ಅದೇ ತೀರ್ಮಾನಿಸುತ್ತದೆ. ಆದ್ದರಿಂದಲೇ ಒಮ್ಮೆ ಒಪ್ಪಿಕೊಂಡ ಮೇಲೆ ಅದನ್ನು ಬಿಟ್ಟು ಹೊರಬರುವುದು ಕಷ್ಟ.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಗೆಹರಿಸಿಬಿಡೋಣ. ಜ್ಯಾಂಗೋ, ಲಾರಾವೆಲ್, ಸ್ಪ್ರಿಂಗ್, ಎಕ್ಸ್‌ಪ್ರೆಸ್ ಮುಂತಾದವು ದೂರದ ಸರ್ವರ್‌ನಲ್ಲಿ ಕೆಲಸ ಮಾಡುತ್ತವೆ. ರಿಯಾಕ್ಟ್, ಆಂಗ್ಯುಲರ್, ವ್ಯೂ ಮುಂತಾದವು ಮುಖ್ಯವಾಗಿ ನೋಡುವವರ ಮೊಬೈಲು ಅಥವಾ ಕಂಪ್ಯೂಟರಿನ ಪರದೆಯ ಕೆಲಸ ನೋಡಿಕೊಳ್ಳುತ್ತವೆ. ಜ್ಯಾಂಗೋ ಕಲಿಯಬೇಕೋ ರಿಯಾಕ್ಟ್ ಕಲಿಯಬೇಕೋ ಎಂದು ಕೇಳುವುದು ಅನ್ನ ಬೇಕೋ ಸಾರು ಬೇಕೋ ಎಂದು ಕೇಳಿದಂತೆ.

ಮೋಡವೆಂದರೆ ಬಾಡಿಗೆ

ಕ್ಲೌಡ್ ಎಂದಾಗ ಆಕಾಶ ನೋಡಬೇಕಾಗಿಲ್ಲ. ಅದು ನೆಲದ ಮೇಲೆಯೇ ಇರುವ ದೊಡ್ಡ ಕಟ್ಟಡಗಳಲ್ಲಿನ ಸಾವಿರಾರು ಕಂಪ್ಯೂಟರುಗಳು. ನಮಗೆ ಬೇಕಾದಷ್ಟನ್ನು ಬೇಕಾದಷ್ಟು ಹೊತ್ತಿಗೆ ಬಾಡಿಗೆಗೆ ಪಡೆಯುವ ಏರ್ಪಾಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಕರೆಂಟು ತಯಾರಾಗುವ ಜಾಗ ಒಂದು, ಬಳಸುವ ಜಾಗ ಇನ್ನೊಂದು. ಬಳಸಿದಷ್ಟಕ್ಕೆ ಹಣ. ಅಮೆಜಾನ್ ಕಂಪನಿ 2006ರಲ್ಲಿ ಕಂಪ್ಯೂಟರ್ ಶಕ್ತಿಗೂ ಇದೇ ಸೂತ್ರವನ್ನು ಹೂಡಿ ಮಾರಾಟಕ್ಕಿಟ್ಟಿತು. 2016ರಲ್ಲಿ ಅದರ ಕೇಂದ್ರ ಮುಂಬೈಗೂ ಬಂತು.

ಕೇಂದ್ರ ಎಲ್ಲಿದೆ ಎಂಬುದು ಮುಖ್ಯವೇ? ಲೆಕ್ಕ ಹಾಕಿ ನೋಡಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿ ಸುಮಾರು 14,000 ಕಿ.ಮೀ. ಹೋಗಿ ಬರಲು 28,000 ಕಿ.ಮೀ., ಅಂದರೆ 0.14 ಸೆಕೆಂಡು. ಮುಂಬೈಗೆ ಸಾವಿರ ಕಿ.ಮೀ. ಎಂದಿಟ್ಟುಕೊಂಡರೆ ಹೋಗಿ ಬರಲು 0.01 ಸೆಕೆಂಡು. ಒಂದೇ ಸಲ ಹೋಗಿ ಬಂದರೆ ವ್ಯತ್ಯಾಸ ತಿಳಿಯದು. ಆದರೆ ಪರದೆಯಲ್ಲೇ ಪುಟ ಕಟ್ಟುವ ತಂತ್ರಾಂಶ ಒಂದರ ಹಿಂದೊಂದು ಹತ್ತು ಸಲ ಸರ್ವರನ್ನು ಕೇಳಿದರೆ ಅಮೆರಿಕಕ್ಕೆ 1.4 ಸೆಕೆಂಡು, ಮುಂಬೈಗೆ 0.1 ಸೆಕೆಂಡು. ಹಳ್ಳಿಯ ದುರ್ಬಲ ಸಿಗ್ನಲ್ಲಿನಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಸರ್ವರ್‌ನಲ್ಲೇ ಪುಟವನ್ನು ಪೂರ್ತಿ ಕಟ್ಟಿ ಒಂದೇ ಸಲಕ್ಕೆ ಕಳಿಸುವ ಹಳೆಯ ಪದ್ಧತಿಗೆ ಇಂದಿಗೂ ಬೆಲೆಯಿರುವುದು ಈ ಕಾರಣಕ್ಕೆ.

ಬಾಡಿಗೆಯ ಕಂಪ್ಯೂಟರಿಗೆ ಇನ್ನೂ ಮೂರು ಗುಣಗಳಿವೆ. ಒಂದು, ಅದು ಯಾವಾಗ ಬೇಕಾದರೂ ಬದಲಾಗಬಹುದು. ಎರಡು, ಜನ ಹೆಚ್ಚಾದರೆ ಒಂದು ಇದ್ದದ್ದು ಹತ್ತಾಗಬಹುದು. ಮೂರು, ಯಾರೂ ಬಾರದಿದ್ದರೆ ಅದು ಮಲಗಿ, ಕರೆ ಬಂದಾಗ ಎದ್ದೇಳುವ ಏರ್ಪಾಟೂ ಇದೆ.

ಮೊದಲ ಗುಣದಿಂದ ವಿದ್ಯಾರ್ಥಿಗಳಿಗೆ ಆಗುವ ತೊಂದರೆ ಹೆಚ್ಚು. ಹೆರೋಕು ಎಂಬ ಸೇವೆಯಲ್ಲಿ ಪ್ರತಿ ಬಾಡಿಗೆ ಯಂತ್ರವೂ ದಿನಕ್ಕೊಮ್ಮೆಯಾದರೂ ಮರುಪ್ರಾರಂಭವಾಗುತ್ತದೆ. ಆಗ ಅದರ ಡಿಸ್ಕಿನಲ್ಲಿ ಬರೆದದ್ದೆಲ್ಲ ಅಳಿದುಹೋಗುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆದ ಪ್ರಾಜೆಕ್ಟು ಅಲ್ಲಿಗೇರಿದ ಮರುದಿನ ಸೇರಿಸಿದ ಚಿತ್ರಗಳನ್ನೆಲ್ಲ ಕಳೆದುಕೊಂಡು ನಿಂತರೆ ತಪ್ಪು ಮೋಡದ್ದಲ್ಲ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದ ಲೆಕ್ಕ ಅದು. ಚಿತ್ರಗಳನ್ನು ಪ್ರತ್ಯೇಕ ಸಂಗ್ರಹ ಸೇವೆಯಲ್ಲೂ, ಲಾಗಿನ್ ವಿವರವನ್ನು ಡೇಟಾಬೇಸಿನಲ್ಲೂ ಇಡಬೇಕು. ನೀವು ಆರಿಸುವ ಫ್ರೇಮ್‌ವರ್ಕ್ ಇದನ್ನು ಎಷ್ಟು ಸುಲಭವಾಗಿ ಮಾಡಿಕೊಡುತ್ತದೆ ಎಂಬುದೇ ಮೊದಲ ಪರೀಕ್ಷೆ.

ಫಲಿತಾಂಶದ ದಿನದ ಲೆಕ್ಕ

ಎಲ್ಲರಿಗೂ ಗೊತ್ತಿರುವ ಉದಾಹರಣೆಯೆಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶ. ಸುಮಾರು 8 ಲಕ್ಷ ವಿದ್ಯಾರ್ಥಿಗಳು. ಒಬ್ಬೊಬ್ಬರ ಪರವಾಗಿ ಮೂರು ಸಲ ನೋಡುತ್ತಾರೆ ಎಂದುಕೊಳ್ಳಿ: ಮಗು ಒಮ್ಮೆ, ಅಪ್ಪ ಒಮ್ಮೆ, ಊರಿನಿಂದ ಸೋದರಮಾವ ಒಮ್ಮೆ. ಒಟ್ಟು 24 ಲಕ್ಷ ಕೋರಿಕೆ. ಒಂದು ಗಂಟೆಯಲ್ಲಿ ಸಮನಾಗಿ ಬಂದರೆ ಸೆಕೆಂಡಿಗೆ 667. ಆದರೆ ಹಾಗೆ ಬರುವುದಿಲ್ಲ. ಅರ್ಧದಷ್ಟು ಜನ ಮೊದಲ ಹತ್ತು ನಿಮಿಷದಲ್ಲೇ ಮುಗಿಬಿದ್ದರೆ ಸೆಕೆಂಡಿಗೆ 2,000. ವರ್ಷದ ಉಳಿದ ದಿನಗಳಲ್ಲಿ ಅಲ್ಲಿ ಯಾರೂ ಇಲ್ಲ. ಮೋಡಕ್ಕೆ ಹೇಳಿ ಮಾಡಿಸಿದ ಕೆಲಸವಿದು. ಹತ್ತು ನಿಮಿಷದ ಜಾತ್ರೆಗೆಂದು ವರ್ಷಪೂರ್ತಿ ಯಂತ್ರ ಸಾಕುವುದು ದಂಡ.

ಇಲ್ಲಿ ಫ್ರೇಮ್‌ವರ್ಕಿನ ವೇಗ ಎಷ್ಟು ಮುಖ್ಯ? ಒಂದು ಪುಟ ಕಟ್ಟಲು ಸೆಕೆಂಡಿನ 50ನೇ ಒಂದು ಭಾಗ ಬೇಕೆಂದು ಹಿಡಿಯಿರಿ. ಒಬ್ಬ 'ಕೆಲಸಗಾರ' ಸೆಕೆಂಡಿಗೆ 50 ಪುಟ ಕೊಡುತ್ತಾನೆ. 2,000ಕ್ಕೆ 40 ಕೆಲಸಗಾರರು ಬೇಕು. ಫ್ರೇಮ್‌ವರ್ಕ್ ಇದರ ಅರ್ಧದಷ್ಟೇ ಚುರುಕಾಗಿದ್ದರೆ 80 ಜನ. ಕೆಲವು ಗಂಟೆಗಳ ಹೆಚ್ಚುವರಿ ಬಾಡಿಗೆ, ಅಷ್ಟೇ ವ್ಯತ್ಯಾಸ. ನಿಜವಾದ ತೊಡಕು ಬೇರೆ ಕಡೆ ಇದೆ. ಈ 80 ಕೆಲಸಗಾರರೂ ಓಡಿಹೋಗಿ ಕೇಳುವುದು ಒಂದೇ ಡೇಟಾಬೇಸನ್ನು. ಮದುವೆ ಮನೆಯಲ್ಲಿ ಬಡಿಸುವವರು ಎಂಬತ್ತು ಜನರಿದ್ದು ಸೌಟು ಒಂದೇ ಇದ್ದ ಹಾಗೆ. ಯಾವ ಫ್ರೇಮ್‌ವರ್ಕೂ ಇದನ್ನು ತಾನಾಗಿ ಸರಿಪಡಿಸದು.

ಹಾಗಾದರೆ ದಾರಿ? ಅಂಕಪಟ್ಟಿ ಒಮ್ಮೆ ಪ್ರಕಟವಾದ ಮೇಲೆ ಆ ದಿನ ಬದಲಾಗುವುದಿಲ್ಲ. ಒಬ್ಬ ವಿದ್ಯಾರ್ಥಿಯ ಪುಟ 2 ಕಿಲೋಬೈಟ್ ಎಂದರೆ 8 ಲಕ್ಷ ಪುಟಗಳಿಗೆ 16 ಲಕ್ಷ ಕಿಲೋಬೈಟ್, ಅಂದರೆ 1.6 ಗಿಗಾಬೈಟ್. ಜೇಬಿನಲ್ಲಿರುವ ಪೆನ್‌ಡ್ರೈವಿಗೂ ಇದು ದೊಡ್ಡ ಹೊರೆಯಲ್ಲ. ಹಿಂದಿನ ರಾತ್ರಿಯೇ ಅಷ್ಟೂ ಪುಟಗಳನ್ನು ಸಿದ್ಧ ಮಾಡಿ, ಹಲವು ಯಂತ್ರಗಳ ನೆನಪಿನಲ್ಲಿಟ್ಟರೆ ಡೇಟಾಬೇಸನ್ನು ಕೇಳುವ ಪ್ರಮೇಯವೇ ಇಲ್ಲ. ಆಗ ಫ್ರೇಮ್‌ವರ್ಕಿಗೆ ಉಳಿಯುವುದು ಒಂದೇ ಕೆಲಸ: ಕೇಳುತ್ತಿರುವವರು ಸರಿಯಾದ ಹುಟ್ಟಿದ ದಿನಾಂಕ ಕೊಟ್ಟರೇ ಎಂದು ನೋಡುವುದು. ಇದನ್ನು ಬಿಟ್ಟರೆ ಬರೀ ನೋಂದಣಿ ಸಂಖ್ಯೆ ಬದಲಿಸುತ್ತ ಯಾರು ಬೇಕಾದರೂ ಪಕ್ಕದ ಮನೆಯ ಮಗುವಿನ ಅಂಕ ನೋಡಿಯಾರು. ಇಷ್ಟು ಸಣ್ಣ ಕೆಲಸಕ್ಕೆ ಪುಟ್ಟ ಫ್ರೇಮ್‌ವರ್ಕ್ ಸಾಕು.

ಈಗ 600 ಮಕ್ಕಳ ಶಾಲೆಯ ಗ್ರಂಥಾಲಯವನ್ನು ನೋಡಿ. ದಿನಕ್ಕೆ 60 ಜನ ಪುಸ್ತಕ ತೆಗೆದುಕೊಂಡಾರು. ವೇಗದ ಮಾತೇ ಇಲ್ಲಿಲ್ಲ. ಆದರೆ ಪುಸ್ತಕ ಸೇರಿಸುವುದು, ತಿದ್ದುವುದು, ಯಾರು ಹಿಂದಿರುಗಿಸಿಲ್ಲ ಎಂಬ ಪಟ್ಟಿ, ಗ್ರಂಥಪಾಲಕರಿಗೆ ಒಂದು ಅಧಿಕಾರ, ಮಕ್ಕಳಿಗೆ ಇನ್ನೊಂದು ಅಧಿಕಾರ, ಹೀಗೆ ಕೆಲಸದ ಬಗೆಗಳು ಹಲವು. ಇಲ್ಲಿ ತುಂಬು ಸಂಸಾರದಂಥ ಫ್ರೇಮ್‌ವರ್ಕ್ ಬೇಕು. ಕೆಲಸ ಯಾವುದೆಂದು ತಿಳಿಯದೆ ಯಾವ ಫ್ರೇಮ್‌ವರ್ಕ್ ಒಳ್ಳೆಯದು ಎಂದು ಕೇಳಿದರೆ ಉತ್ತರವಿಲ್ಲ.

ನೂಲಿನಂತೆ ಸೀರೆ

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಮಾತು ತಂತ್ರಾಂಶಕ್ಕೂ ಸಲ್ಲುತ್ತದೆ. ಒಂದು ಫ್ರೇಮ್‌ವರ್ಕ್ ಎಲ್ಲಿ, ಯಾರ ಅಗತ್ಯಕ್ಕೆ ಹುಟ್ಟಿತು ಎಂದು ತಿಳಿದರೆ ಅದು ಯಾವುದಕ್ಕೆ ಒದಗುತ್ತದೆ ಎಂಬುದೂ ತಿಳಿಯುತ್ತದೆ.

ಜ್ಯಾಂಗೋ ಹುಟ್ಟಿದ್ದು ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಜರ್ನಲ್-ವರ್ಲ್ಡ್ ಎಂಬ ದಿನಪತ್ರಿಕೆಯಲ್ಲಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಕೆಲಸಕ್ಕಿದ್ದರು. ಬೆಳಿಗ್ಗೆ ಸುದ್ದಿಮನೆಯವರು ಕೇಳಿದ್ದನ್ನು ಸಂಜೆಯೊಳಗೆ ಕಟ್ಟಿಕೊಡಬೇಕಾದ ಒತ್ತಡ. ಜೊತೆಗೆ ಪ್ರೋಗ್ರಾಮಿಂಗ್ ಬಾರದ ಪತ್ರಕರ್ತರೇ ಸುದ್ದಿ ತುಂಬುವಂತಿರಬೇಕು. ಆದ್ದರಿಂದ ಜ್ಯಾಂಗೋದಲ್ಲಿ ಮಾಹಿತಿ ತುಂಬುವ ಆಡಳಿತ ಪುಟ ಸಿದ್ಧವಾಗಿಯೇ ಬರುತ್ತದೆ. 2005ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಜ್ಯಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ಹೆಸರು ಇದಕ್ಕೆ. ನಮ್ಮ ಗ್ರಂಥಪಾಲಕರ ಅಗತ್ಯವೂ ಆ ಪತ್ರಕರ್ತರದೇ ಅಲ್ಲವೇ? ಇನ್‌ಸ್ಟಾಗ್ರಾಮ್ 2010ರಲ್ಲಿ ಹೊರಟಿದ್ದೂ ಜ್ಯಾಂಗೋ ಮೇಲೆಯೇ.

ರೂಬಿ ಆನ್ ರೈಲ್ಸ್ ಹೊರಬಂದದ್ದು 2004ರಲ್ಲಿ. ಡೆನ್ಮಾರ್ಕಿನ ಡೇವಿಡ್ ಹೈನೆಮೀಯರ್ ಹ್ಯಾನ್ಸನ್ ಬೇಸ್‌ಕ್ಯಾಂಪ್ ಎಂಬ ಕಚೇರಿ ಕೆಲಸದ ತಂತ್ರಾಂಶ ಕಟ್ಟುವಾಗ ಬರೆದದ್ದನ್ನೇ ಬೇರ್ಪಡಿಸಿ ಕೊಟ್ಟರು. ಸಣ್ಣ ತಂಡ ಬೇಗ ಕೆಲಸ ಮುಗಿಸಬೇಕೆಂಬುದು ಅದರ ಉದ್ದೇಶ. ಸ್ಪ್ರಿಂಗ್ ಜಾವಾ ಭಾಷೆಯದು. ದೊಡ್ಡ ಉದ್ಯಮಗಳ ಜಟಿಲ ವ್ಯವಸ್ಥೆಗಳನ್ನು ಹಗುರ ಮಾಡಲು ರಾಡ್ ಜಾನ್ಸನ್ ಆರಂಭಿಸಿದ್ದು. ಅದರ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಬಂತು. ಆಸ್ಟ್ರಿಯಾದ ಆರ್ಮಿನ್ ರೋನಾಕರ್ 2010ರ ಏಪ್ರಿಲ್ ಒಂದರಂದು ತಮಾಷೆಗೆ ಮಾಡಿದ ಕೆಲಸದಿಂದ ಫ್ಲಾಸ್ಕ್ ಎಂಬ ಪುಟಾಣಿ ಫ್ರೇಮ್‌ವರ್ಕ್ ಬೆಳೆಯಿತು. ಫಲಿತಾಂಶದ ದಿನದಂಥ ಒಂದೇ ಕೆಲಸಕ್ಕೆ ಅದು ಸೊಗಸು. 2009ರಲ್ಲಿ ರಯಾನ್ ಡಾಲ್ ರೂಪಿಸಿದ ನೋಡ್ ಮೇಲೆ ಎಕ್ಸ್‌ಪ್ರೆಸ್ ನಿಂತಿದೆ. ಸಾವಿರಾರು ಜನ ಏಕಕಾಲಕ್ಕೆ ಸಂಪರ್ಕದಲ್ಲಿ ಕಾಯುತ್ತಿರುವ ಹರಟೆ ಕೋಣೆಯಂಥವಕ್ಕೆ ಅದು ಹೊಂದುತ್ತದೆ.

ಮೋಡದಲ್ಲಿ ಇವುಗಳ ತೂಕವನ್ನೂ ನೋಡಬೇಕು. ಮಲಗಿ ಏಳುವ ಯಂತ್ರದಲ್ಲಿ ಭಾರವಾದ ಫ್ರೇಮ್‌ವರ್ಕ್ ಕಣ್ಣು ಬಿಡಲು ಹಲವು ಸೆಕೆಂಡು ಹಿಡಿಯಬಹುದು. 2014ರಲ್ಲಿ ಬಂದ ಅಮೆಜಾನ್ ಲ್ಯಾಂಬ್ಡಾದಂಥ ಸೇವೆಗಳಲ್ಲಿ ಎಷ್ಟು ನೆನಪು, ಎಷ್ಟು ಹೊತ್ತು ಎಂಬ ಗುಣಾಕಾರಕ್ಕೆ ಬಿಲ್ಲು. ಹೆಚ್ಚು ನೆನಪು ನುಂಗುವ ಚೌಕಟ್ಟಿಗೆ ಬಾಡಿಗೆಯೂ ಹೆಚ್ಚು.

ಬಾಡಿಗೆ ಮನೆಯ ಕರಾರು

ಮನೆ ಬಾಡಿಗೆಗೆ ಹಿಡಿಯುವಾಗ ಖಾಲಿ ಮಾಡುವ ಷರತ್ತನ್ನೂ ಓದುತ್ತೇವೆ. ಇಲ್ಲಿ ಅದನ್ನು ಓದುವವರು ಕಡಿಮೆ. ಗೂಗಲ್ 2008ರಲ್ಲಿ ಆಪ್ ಎಂಜಿನ್ ತೆರೆದಾಗ ಅಲ್ಲಿ ಪೈಥಾನ್ ಭಾಷೆ ಮಾತ್ರ ನಡೆಯುತ್ತಿತ್ತು. ಸಾಮಾನ್ಯ ಡೇಟಾಬೇಸ್ ಇರಲಿಲ್ಲ, ಗೂಗಲ್‌ನದೇ ಆದ ಬೇರೆ ಬಗೆಯ ಸಂಗ್ರಹವಿತ್ತು. ಜ್ಯಾಂಗೋದ ಡೇಟಾಬೇಸ್ ಭಾಗ ಅದರೊಡನೆ ಹೊಂದಲಿಲ್ಲ. ಅಲ್ಲಿಗೆಂದೇ ಬರೆದ ತಂತ್ರಾಂಶವನ್ನು ಇನ್ನೊಂದೆಡೆಗೆ ಒಯ್ಯಬೇಕಾದರೆ ಬಹುಪಾಲು ಹೊಸದಾಗಿ ಬರೆಯಬೇಕಿತ್ತು. ಮುಂದೆ ಆ ಸೇವೆ ಬಹಳ ಸಡಿಲವಾಯಿತು, ಆದರೆ ಪಾಠ ಹಳತಾಗಿಲ್ಲ.

ಹೆರೋಕು ಸೇವೆಯ ಉಚಿತ ಯೋಜನೆಯನ್ನು ನಂಬಿ ಅನೇಕ ವಿದ್ಯಾರ್ಥಿಗಳು ಪ್ರಾಜೆಕ್ಟ್ ಏರಿಸಿದ್ದರು. 2022ರ ನವೆಂಬರಿನಲ್ಲಿ ಅದು ನಿಂತಿತು. ಫ್ರೇಮ್‌ವರ್ಕುಗಳಿಗೂ ಆಯುಷ್ಯವಿದೆ. ಗೂಗಲ್‌ನ ಆಂಗ್ಯುಲರ್‌ಜೆಎಸ್ 2010ರಲ್ಲಿ ಬಂತು. 2016ರಲ್ಲಿ ಅದನ್ನು ಬುಡಸಮೇತ ಬದಲಿಸಿ ಆಂಗ್ಯುಲರ್ 2 ತಂದರು. ಹಳೆಯದರಲ್ಲಿ ಬರೆದದ್ದು ಹೊಸದರಲ್ಲಿ ನೇರವಾಗಿ ನಡೆಯದು. ಹಳೆಯದಕ್ಕಿದ್ದ ಬೆಂಬಲ 2021ರ ಕೊನೆಗೆ ಮುಗಿಯಿತು. ಜ್ಯಾಂಗೋದಲ್ಲಿ ದೀರ್ಘಾವಧಿ ಬೆಂಬಲದ ಆವೃತ್ತಿಗಳಿಗೆ ಮೂರು ವರ್ಷ ಭದ್ರತಾ ತಿದ್ದುಪಡಿ ಸಿಗುತ್ತದೆಂದು ಮೊದಲೇ ಪ್ರಕಟಿಸುತ್ತಾರೆ. ಇಂಥ ಮಾತು ಕೊಟ್ಟವರನ್ನೇ ನಂಬುವುದು ಲೇಸು.

ತಿದ್ದುಪಡಿ ಬಂದರೆ ಸಾಲದು, ಅದನ್ನು ಹಾಕಿಕೊಳ್ಳಲೂ ಬೇಕು. ಅಮೆರಿಕದ ಎಕ್ವಿಫ್ಯಾಕ್ಸ್ ಕಂಪನಿ ಜನರ ಸಾಲದ ಇತಿಹಾಸವನ್ನು ಕಾದಿಡುವ ಸಂಸ್ಥೆ. ಅದರ ಒಂದು ಜಾಲತಾಣ ಅಪಾಚೆ ಸ್ಟ್ರಟ್ಸ್ ಎಂಬ ಫ್ರೇಮ್‌ವರ್ಕ್ ಮೇಲೆ ನಿಂತಿತ್ತು. 2017ರ ಮಾರ್ಚಿನಲ್ಲಿ ಸ್ಟ್ರಟ್ಸ್‌ನಲ್ಲಿ ದೊಡ್ಡ ಬಿರುಕು ಕಂಡುಬಂತು, ಸರಿಪಡಿಸಿದ ಆವೃತ್ತಿಯೂ ಅದೇ ತಿಂಗಳು ಸಿಕ್ಕಿತು. ಆದರೆ ಆ ಜಾಲತಾಣದಲ್ಲಿ ಅದನ್ನು ಹಾಕಿರಲಿಲ್ಲ. ಮೇ ತಿಂಗಳಿನಿಂದ ಜುಲೈವರೆಗೆ ಕಳ್ಳರು ಅದೇ ಬಿರುಕಿನಿಂದ ಒಳಹೊಕ್ಕು ಸುಮಾರು 14.7 ಕೋಟಿ ಜನರ ಖಾಸಗಿ ವಿವರ ಹೊತ್ತೊಯ್ದರು. ಫ್ರೇಮ್‌ವರ್ಕ್ ಉಚಿತವಾಗಿಯೇ ಸಿಕ್ಕಿತ್ತು, ದುರಸ್ತಿಯೂ ಉಚಿತವಾಗಿತ್ತು. ಕಡಿಮೆಯಾದದ್ದು ನಿಗಾ ಒಂದೇ. ನಿಮ್ಮ ಶಾಲೆಯ ಪುಟ್ಟ ತಂತ್ರಾಂಶದಲ್ಲೂ ಮಕ್ಕಳ ಹೆಸರು, ಫೋನ್ ನಂಬರು, ವಿಳಾಸ ಇರುತ್ತವೆ ಎಂಬುದನ್ನು ಮರೆಯಬಾರದು.

ಎರಡು ಸಂಜೆಯ ಪ್ರಯೋಗ

ವಿಜ್ಞಾನದ ವಿದ್ಯಾರ್ಥಿಗೆ ಯಾರೋ ಹೇಳಿದ್ದಕ್ಕಿಂತ ತಾನೇ ಮಾಡಿ ನೋಡಿದ್ದು ಪ್ರಮಾಣ. ಎರಡು ಫ್ರೇಮ್‌ವರ್ಕ್ ಆರಿಸಿಕೊಳ್ಳಿ. ಕಾಲೇಜಿನಲ್ಲಿ ಯಾವ ಭಾಷೆ ಚೆನ್ನಾಗಿ ಬಂದಿದೆಯೋ ಅದರವನ್ನೇ ಹಿಡಿಯಿರಿ. ಪೈಥಾನ್ ಬಂದರೆ ಜ್ಯಾಂಗೋ ಮತ್ತು ಫ್ಲಾಸ್ಕ್, ಪಿಎಚ್‌ಪಿ ಬಂದರೆ ಲಾರಾವೆಲ್, ಜಾವಾ ಬಂದರೆ ಸ್ಪ್ರಿಂಗ್ ಬೂಟ್. ಎರಡರಲ್ಲೂ ಒಂದೇ ಪುಟ್ಟ ಕೆಲಸ ಮಾಡಿ: ಪುಸ್ತಕದ ಹೆಸರು ಮತ್ತು ಮುಖಪುಟದ ಚಿತ್ರ ಸೇರಿಸುವ ಒಂದು ಪುಟ. ಅನಂತರ ಈ ಐದನ್ನು ಬರೆದಿಡಿ.

1. ಖಾಲಿ ಕಡತದಿಂದ ಆರಂಭಿಸಿ ಮೋಡದ ಮೇಲೆ ಪುಟ ಕಾಣಿಸುವವರೆಗೆ ಎಷ್ಟು ಹೊತ್ತು ಹಿಡಿಯಿತು?

2. ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿದಾಗ ಚಿತ್ರ ಉಳಿಯಿತೇ? ಲಾಗಿನ್ ಉಳಿಯಿತೇ?

3. ಅದೇ ತಂತ್ರಾಂಶವನ್ನು ಎರಡು ಯಂತ್ರಗಳಲ್ಲಿ ಒಟ್ಟಿಗೆ ಓಡಿಸಿದರೆ ಗೊಂದಲವಾಯಿತೇ?

4. ತಪ್ಪು ಬಂದಾಗ ಅದರ ಕಾರಣ ಅಧಿಕೃತ ಕೈಪಿಡಿಯಲ್ಲಿ ಸಿಕ್ಕಿತೇ, ನಿಮಗೆ ಅರ್ಥವಾಯಿತೇ?

5. ಇನ್ನೊಂದು ಕಂಪನಿಯ ಮೋಡಕ್ಕೆ ಒಯ್ಯಬೇಕಾದರೆ ಎಷ್ಟು ಸಾಲು ಬದಲಿಸಬೇಕು?

ಈ ಐದು ಉತ್ತರಗಳ ಮುಂದೆ ಜಾಹೀರಾತುಗಳೆಲ್ಲ ಸಪ್ಪೆ. ವೇಗದ ಪ್ರಶ್ನೆ ಪಟ್ಟಿಯಲ್ಲಿ ಇಲ್ಲದಿರುವುದನ್ನು ಗಮನಿಸಿರಬಹುದು. ವಿದ್ಯಾರ್ಥಿ ಕಟ್ಟುವ ಪ್ರಾಜೆಕ್ಟಿಗೆ ಮೊದಲ ವರ್ಷ ಅದು ಅಡ್ಡಬರುವುದು ಅಪರೂಪ. ಟ್ವಿಟರ್ ಕೂಡ 2006ರಲ್ಲಿ ರೈಲ್ಸ್ ಮೇಲೆ ಆರಂಭವಾಗಿ, ಬೆಳೆದ ಮೇಲೆ ಭಾಗಭಾಗವಾಗಿ ಬೇರೆಡೆಗೆ ಹೋಯಿತು.

ತಂದೆತಾಯಿಗಳಿಗೆ ಎರಡು ಮಾತು. ಮೋಡದ ಖಾತೆಗೆ ಅನೇಕ ಕಡೆ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡು ಕೇಳುತ್ತಾರೆ. ಯಂತ್ರ ಒಂದಿದ್ದದ್ದು ಹತ್ತಾಗುವಾಗ ಬಿಲ್ಲೂ ಹತ್ತಾಗುತ್ತದೆ. ಖರ್ಚಿನ ಮಿತಿ ಮೀರಿದರೆ ಎಚ್ಚರಿಕೆ ಕಳಿಸುವ ಸೌಲಭ್ಯವಿರುತ್ತದೆ, ಮೊದಲ ದಿನವೇ ಹಾಕಿಸಿ. ಆದರೆ ಎಚ್ಚರಿಕೆ ಬಂದ ಮಾತ್ರಕ್ಕೆ ಯಂತ್ರ ತಾನಾಗಿ ನಿಂತಿತೆಂದು ತಿಳಿಯಬೇಡಿ. ಪ್ರಾಜೆಕ್ಟ್ ತೋರಿಸಿ ಬಂದ ದಿನವೇ ಬಾಡಿಗೆಯ ಯಂತ್ರ ಮುಚ್ಚಿದಿಯಾ ಎಂದು ಮಗನನ್ನೋ ಮಗಳನ್ನೋ ಕೇಳಿ. ದೀಪ ಆರಿಸಿದೆಯಾ ಎಂದು ಕೇಳುವಷ್ಟೇ ಸಹಜವಾಗಿ ಕೇಳಿ.

ಎರಡನೆಯದು ಶುಲ್ಕದ ವಿಷಯ. ತರಬೇತಿ ಕೇಂದ್ರಕ್ಕೆ ಸೇರಿಸುವ ಮುನ್ನ ಅವರು ಕಲಿಸುವ ಫ್ರೇಮ್‌ವರ್ಕಿನ ಹೆಸರಿಗಿಂತ ಅದರ ಜೊತೆ ಏನು ಕಲಿಸುತ್ತಾರೆಂದು ವಿಚಾರಿಸಿ. ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಕೋಷ್ಟಕಗಳ ತತ್ತ್ವದ ಮೇಲೆಯೇ ಇಂದಿನ ಬಹುಪಾಲು ಡೇಟಾಬೇಸುಗಳು ನಿಂತಿವೆ. ಅದರಿಂದ ಬಂದ ಎಸ್‌ಕ್ಯೂಎಲ್ ಭಾಷೆ ಈಗಲೂ ನಡೆಯುತ್ತಿದೆ. ಟಿಮ್ ಬರ್ನರ್ಸ್-ಲೀ ಸುಮಾರು 1990ರಲ್ಲಿ ರೂಪಿಸಿದ ಎಚ್‌ಟಿಟಿಪಿ ಎಂಬ ಸಂಭಾಷಣೆಯ ನಿಯಮ ಬೆಳೆಯುತ್ತ ಬಂದಿದೆ, ಸತ್ತಿಲ್ಲ. ಇವೆರಡನ್ನೂ ಗಟ್ಟಿಯಾಗಿ ಕಲಿತವರಿಗೆ ಜ್ಯಾಂಗೋದಿಂದ ಲಾರಾವೆಲ್‌ಗೆ ಹೋಗುವುದು ಕೆಲವು ವಾರಗಳ ಕೆಲಸ. ಇವನ್ನು ಬಿಟ್ಟು ಬರೀ ಗುಂಡಿ ಒತ್ತುವುದನ್ನು ಕಲಿತವರು ಫ್ರೇಮ್‌ವರ್ಕ್ ಬದಲಾದಾಗಲೆಲ್ಲ ಮತ್ತೆ ಶುಲ್ಕ ಕಟ್ಟಬೇಕಾಗುತ್ತದೆ.

ಗ್ರಂಥಾಲಯದಂಥ ಪ್ರಾಜೆಕ್ಟಿಗೆ ನನ್ನ ಶಿಫಾರಸು ಕೇಳಿದರೆ ಹೀಗೆ ಹೇಳುತ್ತೇನೆ: ಬರುವ ಭಾಷೆಯ, ಎಲ್ಲ ಸಿದ್ಧವಾಗಿರುವ, ಕನಿಷ್ಠ ಹತ್ತು ವರ್ಷ ಬಾಳಿರುವ ಒಂದು ಫ್ರೇಮ್‌ವರ್ಕ್, ಎಲ್ಲೆಡೆ ಸಿಗುವ ಸಾಮಾನ್ಯ ಡೇಟಾಬೇಸ್, ಚಿತ್ರಗಳಿಗೆ ಪ್ರತ್ಯೇಕ ಸಂಗ್ರಹ, ಮುಂಬೈನಂಥ ಹತ್ತಿರದ ಕೇಂದ್ರದಲ್ಲಿ ಅತಿ ಸಣ್ಣ ಒಂದು ಯಂತ್ರ. ಕಟ್ಟಿದ ಮೇಲೆ ತಿಂಗಳಿಗೊಮ್ಮೆ ಭದ್ರತಾ ತಿದ್ದುಪಡಿ ಬಂದಿದೆಯೇ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಸಂದರ್ಶನದಲ್ಲಿ ಯಾವ ಫ್ರೇಮ್‌ವರ್ಕ್ ಬರುತ್ತದೆ ಎಂದು ಕೇಳುತ್ತಾರೆ, ನಿಜ. ಅದರ ಹಿಂದೆಯೇ ಇದನ್ನೇ ಏಕೆ ಆರಿಸಿದಿರಿ ಎಂಬ ಪ್ರಶ್ನೆಯೂ ಬರುತ್ತದೆ. ಎರಡು ಸಂಜೆ ಪ್ರಯೋಗ ಮಾಡಿದವರ ಬಳಿ ಅದಕ್ಕೆ ಉತ್ತರವಿರುತ್ತದೆ.